ತುಂಡು ಕ್ರೇನ್ ಕೊಂಡದ್ದು

ಕ್ರೇನ್ ಲಾರಿಯನ್ನು ಎಷ್ಟಕ್ಕೆ ಕೊಂಡಿರಿ ಎಂದು ಜನ ಇವತ್ತಿಗೂ ಕೇಳುತ್ತಾರೆ. ಹೇಗೆ ನೋಡಿ ಕೊಂಡಿರಿ ಎಂದು ಯಾರೂ ಕೇಳಿಲ್ಲ. ಬೆಲೆಯನ್ನು ನಾನು ಹೇಳುವುದಿಲ್ಲ. ಉಳಿದದ್ದನ್ನೆಲ್ಲ ಹೇಳುತ್ತೇನೆ.

ನಮ್ಮದು ಮರದ ಕೆಲಸ. ಮನೆ ಕೊಪ್ಪಳದಲ್ಲಿ, ಕೆಲಸ ನಾಲ್ಕೂ ತಾಲ್ಲೂಕಿನಲ್ಲಿ. ಗಂಗಾವತಿಯ ಅಕ್ಕಿ ಗಿರಣಿಗಳ ಮೇಲೆ ಬಾಗಿದ ಮರಗಳು, ಹುಲಿಗಿ ರಸ್ತೆಯ ಹುಣಸೆ, ಕುಷ್ಟಗಿ ಪೇಟೆಯಲ್ಲಿ ಕರೆಂಟಿನ ತಂತಿಗೆ ತಾಗುವ ಅರಳಿ. ಒಣಟೊಂಗೆ ಇಳಿಸುತ್ತೇವೆ, ಸೀಳಿದ್ದನ್ನು ಕಟ್ಟುತ್ತೇವೆ, ಒಂದು ಕಡೆ ಭಾರವಾದ ಮರವನ್ನು ಹಗುರ ಮಾಡುತ್ತೇವೆ. ಊರಿನವರು ಮಾತ್ರ ನಮ್ಮನ್ನು ‘ಗಿಡಾ ಕಡಿಯೋರು’ ಎಂದೇ ಕರೆಯುತ್ತಿದ್ದರು. ಕಡಿಯದೆ ಉಳಿಸುವುದೂ ಒಂದು ಕೆಲಸ, ಅದಕ್ಕೂ ಕೂಲಿ ಕೊಡಬೇಕು ಎಂದು ಒಪ್ಪಿಸುವುದರಲ್ಲೇ ನನ್ನ ದನಿ ಗಡುಸಾಯಿತು.

ಮರ ಏರುತ್ತಿದ್ದವರು ನಮ್ಮ ಮನೆಯವರು. ನಾನು ಕೆಳಗೆ ಹಗ್ಗ ಹಿಡಿದು ನಿಲ್ಲುತ್ತಿದ್ದೆ, ಗಿರಾಕಿಗಳೊಂದಿಗೆ ಮಾತಾಡುತ್ತಿದ್ದೆ. ಕೊಪ್ಪಳ ಬೇರೆ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷವಾಗಿದ್ದಾಗ, ಹನುಮನಹಳ್ಳಿಯ ಹತ್ತಿರ, ಯಾತ್ರಿಕರ ವಾಹನ ನಿಲ್ಲುವ ಜಾಗದಲ್ಲಿ ಒಂದು ಹುಣಸೆ ಸೀಳಿತ್ತು. ಅದನ್ನು ಇಳಿಸಲು ಹೋದ ನಮ್ಮ ಮನೆಯವರು ಸೀಳಿದ ಟೊಂಗೆಗೇ ತಮ್ಮ ಸೊಂಟದ ಹಗ್ಗ ಕಟ್ಟಿಕೊಳ್ಳಬೇಕಾಯಿತು. ಕಟ್ಟಲು ಬೇರೆ ಗಟ್ಟಿ ಜಾಗ ಆ ಎತ್ತರದಲ್ಲಿ ಇರಲಿಲ್ಲ. ಟೊಂಗೆ ಕಿತ್ತು ಬಂತು, ಅದರೊಂದಿಗೆ ಅವರೂ ಬಂದರು. ಜೀವ ಉಳಿಯಿತು. ಸೊಂಟದ ಮೂಳೆ ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಕೋಲು ಹಿಡಿದು ನಡೆಯುವಂತಾದರು.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ವಾರ ನಮ್ಮ ತಂಡದವರನ್ನು ಕರೆದು ಹೇಳಿದೆ: ಸೀಳಿದ ಟೊಂಗೆಗೆ ಇನ್ನು ಮೇಲೆ ನಮ್ಮವರು ಯಾರೂ ಮೈ ಕಟ್ಟುವುದಿಲ್ಲ. ಟೊಂಗೆಯನ್ನು ಮೊದಲು ಮೇಲಿನಿಂದ ಹಿಡಿಯಬೇಕು, ಆಮೇಲೆ ಕೊಯ್ಯಬೇಕು. ಹಿಡಿಯಲು ಕ್ರೇನ್ ಬೇಕು.

ಬಾಡಿಗೆಗೆ ತಂದು ನೋಡಿದೆವು. ಗಾಳಿಗಿರಣಿ ಎತ್ತಿ ನಿಲ್ಲಿಸುವ ಕಡೆ, ಕಲ್ಲಿನ ಕ್ವಾರಿಗಳ ಕಡೆ ಕೆಲಸವಿಲ್ಲದಾಗ ಮಾತ್ರ ಅವು ನಮ್ಮತ್ತ ಬರುತ್ತಿದ್ದವು. ಬಂದರೂ ಆಪರೇಟರನಿಗೆ ಅವಸರ. ಕೊಯ್ಯುವ ಮೊದಲೇ ಎಳೆಯುವುದು, ಎಳೆದು ಒಳ್ಳೆಯ ತೊಗಟೆಯನ್ನೂ ಹರಿಯುವುದು. ನಮ್ಮದೇ ಒಂದು ಇರಲಿ ಎಂದೆ. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯದು ನೋಡೋಣ ಎಂದೆ.

ನಮ್ಮ ಭಾವ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಕೇಳುವಂತೆ ಹೇಳಿದರು. “ಗಂಡ ಬಿದ್ದು ಮೂಲ್ಯಾಗ ಕುಂತಾನ, ಈಕಿ ಕ್ರೇನ್ ತಗೊಂತಾಳಂತ. ಒಂದು ಹೊಲಿಗಿ ಮಷಿನ್ ತಗೋಬೇ, ಮನ್ಯಾಗ ಕುಂತು ದುಡಿ.”

“ಹೊಲಿಗಿ ಮಷಿನ್ ಟೊಂಗಿ ಎತ್ತೂದಿಲ್ರಿ ಭಾವಾರ,” ಎಂದೆ. ಕಟ್ಟೆಯ ಮೇಲಿದ್ದವರು ನಕ್ಕರು. ನನ್ನ ಮಾತಿಗೋ ಅವರ ಮಾತಿಗೋ, ನಾನು ನಿಂತು ನೋಡಲಿಲ್ಲ.

ಗಂಗಾವತಿಯಲ್ಲಿ ಭತ್ತ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಫಿಟ್ಟರ್ ಇದ್ದರು. ಎಣ್ಣೆಯ ಒತ್ತಡದಿಂದ ನಡೆಯುವ ಯಾವುದೇ ಯಂತ್ರವಾದರೂ ಅವರಿಗೆ ಗೊತ್ತು. ನನಗೊಂದು ಕ್ರೇನ್ ಆರಿಸಿಕೊಡಿ ಎಂದು ಹೋದಾಗ ಅವರು ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇದು: “ಬರ್ತೀನಿ ಅಕ್ಕಾರ. ಆದ್ರ ನಾ ಹೂಂ ಅಂದೆ ಅಂತ ತಗೋಬ್ಯಾಡ್ರಿ. ನಾಳೆ ಅದರ ಕೆಳಗ ನಿಂದ್ರವ್ರು ನಿಮ್ಮ ಮಂದಿ, ನಾ ಅಲ್ಲ. ನೀವ ನೋಡೂದು ಕಲೀರಿ.”

ಕಲಿತೆ. ಬಸ್ಸು ಹತ್ತಿ ಅವರ ಶೆಡ್ಡಿಗೆ ಹೋಗಿ, ಬೋರಲು ಹಾಕಿದ ಡಬ್ಬದ ಮೇಲೆ ಕೂತು ಕಲಿತೆ. ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಬೇಕು: ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಸುಟ್ಟ ವಾಸನೆ ಬಂದರೆ ಪಂಪು ದಣಿದಿದೆ. ಉಕ್ಕಿನ ರೋಪಿನ ಉದ್ದಕ್ಕೂ ಹತ್ತಿಯ ಬಟ್ಟೆ ಎಳೆಯಬೇಕು: ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒಳಗೆ ಎಳೆ ಹರಿದಿದೆ. ಭಾರ ಎತ್ತಿಸಿ, ಸಿಲಿಂಡರಿನಿಂದ ಹೊರಬಂದ ಹೊಳೆಯುವ ದಂಡಕ್ಕೆ, ಅದು ಹೊರಬರುವ ಬಾಯಿಯ ಹತ್ತಿರವೇ ಸುಣ್ಣದ ಕಡ್ಡಿಯಿಂದ ಗೆರೆ ಹಾಕಬೇಕು. ಚಹಾ ಕುಡಿದು ಬಂದು ನೋಡಬೇಕು. ಗೆರೆ ಇದ್ದಲ್ಲೇ ಇದ್ದರೆ ಕ್ರೇನ್ ಭಾರ ಹಿಡಿಯುತ್ತದೆ. ಗೆರೆ ಒಳಗೆ ಹೋಗಿದ್ದರೆ, ಎತ್ತಿದ್ದು ಸದ್ದಿಲ್ಲದೆ ಕೆಳಗಿಳಿಯುತ್ತಿದೆ ಎಂದರ್ಥ.

ಮೊದಲು ನೋಡಿದ್ದು ಗಂಗಾವತಿಯ ಒಬ್ಬ ದಲಾಲಿ ತೋರಿಸಿದ ಲಾರಿ. ಹಳದಿ ಬಣ್ಣದ ವಾಸನೆ ಇನ್ನೂ ಬರುತ್ತಿತ್ತು. ಮುಂದೆ ಹೂವಿನ ಹಾರ, ನಿಂಬೆಹಣ್ಣು. ದಲಾಲಿ ನನ್ನನ್ನು ದಾಟಿ ಹೋಗಿ, ಕೋಲೂರಿ ನಿಂತ ನಮ್ಮ ಮನೆಯವರಿಗೆ ಕೈ ಮುಗಿದು ಶುರು ಮಾಡಿದ.

“ಸಾವಕಾರ, ಗಾಡಿ ಅಂದ್ರ ಗಾಡಿ. ಕಣ್ಣು ಮುಚ್ಚಿ ತಗೋರಿ.”

“ತಗೊಳ್ಳಾಕಿ ಆಕಿ,” ಎಂದರು ನಮ್ಮ ಮನೆಯವರು. “ಆಕಿ ಕಣ್ಣು ಮುಚ್ಚೂದಿಲ್ಲ.”

ಹಳೆಯ ಟ್ರ್ಯಾಕ್ಟರಿನ ಎಂಜಿನ್ ಒಂದನ್ನು ಎತ್ತಿಸಿದೆ. ಗೆರೆ ಹಾಕಿದೆ. ದಲಾಲಿ ನಗುತ್ತ ಚಹಾ ತರಿಸಿದ. ಕುಡಿದು ಎದ್ದು ನೋಡಿದರೆ ಗೆರೆಯೇ ಕಾಣಲಿಲ್ಲ, ಸಿಲಿಂಡರಿನೊಳಗೆ ಹೋಗಿತ್ತು.

“ಬಿಸಲಿಗೆ ಎಣ್ಣಿ ತೆಳ್ಳಗಾಗಿರ್ತದ್ರಿ. ಎಲ್ಲಾ ಕ್ರೇನೂ ಇಷ್ಟ ಇಳೀತಾವ.”

“ಹಂಗಾದ್ರ ಇಷ್ಟ ಇಳಿಯೂದರ ಕೆಳಗ ನೀವೊಂದು ಗಳಿಗಿ ನಿಂದರ್ರಿ,” ಎಂದೆ.

ಅವನು ನಿಲ್ಲಲಿಲ್ಲ. ಯಾವ ದೂರದಲ್ಲಿ ಎಷ್ಟು ಭಾರ ಎತ್ತಬಹುದು ಎಂದು ತಿಳಿಸುವ ತಗಡಿನ ಫಲಕ ಲಿವರುಗಳ ಪಕ್ಕದಲ್ಲಿ ಇರಬೇಕು. ಅದರ ಮೇಲೂ ಹಳದಿ ಬಳಿದಿದ್ದರು. ಬ್ಯಾಡ್ರಿ ಎಂದು ಹೇಳಿ ಹೊರಟೆ. ಹಿಂದಿನಿಂದ ಅವನ ದನಿ ಕೇಳಿತು: “ಹೆಣಮಕ್ಕಳು ಸೀರಿ ಆರಿಸಿದಂಗ ಕ್ರೇನ್ ಆರಸಾಕ ಬಂದಾರ.” ಹೌದು, ಹಾಗೇ ಬಂದಿದ್ದೆ. ಸೀರೆಯನ್ನೂ ನಾನು ಬೆಳಕಿಗೆ ಹಿಡಿದು ನೋಡದೆ ಕೊಳ್ಳುವುದಿಲ್ಲ.

ಆಮೇಲೆ ಸುತ್ತಲಿನ ದಲಾಲಿಗಳು ನನ್ನ ಫೋನು ಎತ್ತುವುದನ್ನು ಬಿಟ್ಟರು. ಎತ್ತಿದವರು ತೋರಿಸಿದ್ದರಲ್ಲಿ ಒಂದಕ್ಕೆ ಲಾರಿಯ ಚಾಸಿಯೇ ಬಿರಿದಿತ್ತು, ಇನ್ನೊಂದರ ಎತ್ತುವ ತೋಳನ್ನು, ಅಂದರೆ ಬೂಮನ್ನು, ಕೈಯಿಂದ ಅಲುಗಿಸಿದರೆ ಬುಡದ ತಿರುಗಣಿ ಕಟಕಟ ಅನ್ನುತ್ತಿತ್ತು. ಬೇಸಿಗೆ ಮುಗಿಯುತ್ತ ಬಂತು. ಮಳೆಗಾಲದ ಮೊದಲ ಗಾಳಿಗೇ ನಮಗೆ ಹೆಚ್ಚು ಕೆಲಸ ಬರುವುದು. ತಂಡದವರು ಬಾಯಿಬಿಟ್ಟು ಹೇಳದಿದ್ದರೂ, ಈ ವರ್ಷವೂ ಹಗ್ಗವೇ ಗತಿ ಎಂದುಕೊಂಡಿದ್ದರು. ಇಲ್ಲ ಎಂದೆ. ಕ್ರೇನ್ ಇಲ್ಲದಿದ್ದರೆ ಸೀಳಿದ ಮರದ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ ಎಂದೆ. ಬಂದ ಎರಡು ಕೆಲಸ ಬಿಟ್ಟೆ ಕೂಡ.

ಆಗ ಫಿಟ್ಟರ್ ಒಂದು ಸುದ್ದಿ ತಂದರು. ಕುಷ್ಟಗಿಯ ಆಚೆ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಹಳೆಯ ಕ್ರೇನ್ ಲಾರಿ ಸುಮ್ಮನೆ ನಿಂತಿದೆ. ಮಾಲೀಕರು ಹಳಿಯ ಮೇಲೆ ಓಡಾಡುವ ದೊಡ್ಡ ಕ್ರೇನ್ ಹಾಕಿಸಿದ್ದಾರೆ, ಇದು ಬೇಡವಾಗಿದೆ.

ಕಲ್ಲಿನ ಧೂಳು ಕೂತು ಲಾರಿ ಯಾವ ಬಣ್ಣದ್ದೆಂದೇ ತಿಳಿಯುತ್ತಿರಲಿಲ್ಲ. ಅದೇ ನನಗೆ ಹಿಡಿಸಿತು. ಮುಚ್ಚಿಡಲು ಯಾರೂ ಅದಕ್ಕೆ ಬಣ್ಣ ಹೊಡೆದಿರಲಿಲ್ಲ. ಮಾಲೀಕರು ವಯಸ್ಸಾದವರು, ಬಿಳಿ ಧೋತರ, ತಲೆಗೆ ಟವೆಲ್. ಗಿರಾಕಿ ಎಲ್ಲಿ ಎಂದು ನಮ್ಮ ಹಿಂದೆ ನೋಡಿದರು.

“ನಾನರಿ,” ಎಂದೆ.

“ಹೆಣಮಗಳ ಕೈಗೆ ಕ್ರೇನ್ ಕೊಟ್ಟೆ ಅಂದ್ರ ಮಂದಿ ನನಗ ನಗ್ತಾರಲ್ಲ ತಂಗಿ.”

“ನಗಲಿ ಬಿಡ್ರಿ ಅಪ್ಪಾರ. ನಗಾಕ ಲೈಸೆನ್ಸ್ ಬೇಕಾಗೂದಿಲ್ಲ. ನಾ ಒಂದು ಕಲ್ಲು ಎತ್ತಿಸಿ ನೋಡ್ತೀನಿ, ಅಷ್ಟ.”

ಅವರು ಎತ್ತಿಸು ಎಂದು ಕೈ ಮಾಡಿದರು. ಕಲ್ಲಿನ ದಿಮ್ಮಿ ಎತ್ತಿಸಿದೆ. ಗೆರೆ ಹಾಕಿದೆ. ಚಹಾ ಕುಡಿದೆವು, ಮಾಲೀಕರ ಮೊಮ್ಮಗಳ ಮದುವೆಯ ಮಾತು ಕೇಳಿದೆವು, ಮತ್ತೊಂದು ಚಹಾ ಕುಡಿದೆವು. ಗೆರೆ ಇದ್ದಲ್ಲೇ ಇತ್ತು. ಫಲಕದ ಧೂಳನ್ನು ಸೆರಗಿನಿಂದ ಒರೆಸಿದೆ, ಅಕ್ಷರ ಅಂಕಿ ಎಲ್ಲ ಓದಲು ಬಂತು. ಎಣ್ಣೆ ಕಪ್ಪಗಿತ್ತು, ಬೆಳ್ಳಗಿರಲಿಲ್ಲ. ರೋಪು ಬಟ್ಟೆಯನ್ನು ಹಿಡಿದುಕೊಂಡಿತು. ಅದನ್ನು ಬದಲಿಸಲೇಬೇಕು. ಲಾರಿ ಅಲುಗದಂತೆ ಎರಡೂ ಬದಿಗೆ ಊರುವ ನಾಲ್ಕು ಜಾಕುಗಳಲ್ಲಿ ಹಿಂದಿನದೊಂದು ಸೋರುತ್ತಿತ್ತು. ಸೀಲು ಹಾಕಿದರೆ ಸಾಕು.

ಉಳಿದದ್ದು ಬೂಮು. ಅದು ಒಂದರೊಳಗೊಂದು ಸೇರುವ ಉಕ್ಕಿನ ತೋಳು. ಮೊದಲ ತುಂಡುಗಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುತ್ತವೆ. ತುದಿಯ ತುಂಡನ್ನು ಮಾತ್ರ ಕೈಯಿಂದ ಎಳೆದು ಪಿನ್ನು ಹಾಕಬೇಕು. ಅದನ್ನು ಹೊರಗೆ ಎಳೆಸಿದೆ. ಟೊಳ್ಳು ಮರ ಪತ್ತೆ ಮಾಡುವ ಕಟ್ಟಿಗೆಯ ಸುತ್ತಿಗೆ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಬೂಮಿನ ಉದ್ದಕ್ಕೂ ತಟ್ಟುತ್ತ ಹೋದೆ. ಠಣ್, ಠಣ್ ಎನ್ನುತ್ತಿದ್ದದ್ದು ತುದಿಯ ತುಂಡಿನ ನಡುವೆ ಒಂದು ಕಡೆ ದಬ್ ಎಂದಿತು. ಫಿಟ್ಟರ್ ಚಾಕುವಿನಿಂದ ಕೆರೆದರು. ಬಣ್ಣದ ಕೆಳಗೆ ಸಂದು ಮೆತ್ತುವ ಲಾಂಬಿ, ಲಾಂಬಿಯ ಕೆಳಗೆ ಬೆಸುಗೆ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಹೊಸ ಬಿರುಕು.

ಮಾಲೀಕರು ಅಡ್ಡಮಾತು ಆಡಲಿಲ್ಲ. “ಹೌದು, ಒಮ್ಮೆ ಬಿರದಿತ್ತು. ಬೆಸಿಗಿ ಹಾಕಿಸಿದ್ವಿ. ಆಮ್ಯಾಲೆ ಅದನ್ನ ಹೊರಗ ತಗದೇ ಇಲ್ಲ. ಬೇಕಾದ್ರ ನಾನ ಮತ್ತೊಮ್ಮೆ ಪಟ್ಟಿ ಹಾಕಿ ಬೆಸಸಿ ಕೊಡ್ತೀನಿ.”

ಫಿಟ್ಟರ್ ಅದಕ್ಕೆ ಒಪ್ಪಿದರು. ಛಲೋ ಬೆಸುಗೆಗಾರನನ್ನು ತಾನೇ ಕರೆತರುತ್ತೇನೆ ಎಂದರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಆ ಬಿರುಕನ್ನೇ ನೋಡುತ್ತಿದ್ದೆ.

“ಈ ತುಂಡು ತಗದು ಹಾಕ್ರಿ,” ಎಂದೆ. “ಹುಕ್ಕನ್ನ ಹಿಂದಿನ ತುಂಡಿಗೆ ಹಾಕ್ರಿ. ಅಲ್ಲಿ ಪಿನ್ನಿನ ತೂತು ಐತಿ.”

“ಅಕ್ಕಾರ, ಉದ್ದ ಹೋದ್ರ ಅರ್ಧ ಕೆಲಸ ಹೋತು,” ಎಂದರು ಫಿಟ್ಟರ್. “ಯಾವಾಗರ ಒಮ್ಮೆ ಬೇಕಾಗ್ತದ. ಇರಲಿ. ಎಳೀಬ್ಯಾಡ್ರಿ, ಇರಲಿ.”

“ಇತ್ತು ಅಂದ್ರ ಎಳೀತಾರ. ನಾ ಇಲ್ಲದಾಗ ಎಳೀತಾರ. ಅವಸರ ಇದ್ದಾಗ ನಾನೂ ಎಳೀತೀನಿ. ಇಲ್ಲಾ ಅಂದ್ರ ಯಾರಿಗೂ ಎಳಿಯಾಕ ಆಗೂದಿಲ್ಲ.”

ಅಷ್ಟಕ್ಕೇ ಬಿಡಲಿಲ್ಲ. ತೆಗೆದ ತುಂಡನ್ನು ಅಲ್ಲೇ, ಅದೇ ಅಂಗಳದಲ್ಲಿ ಗ್ಯಾಸಿನಿಂದ ಎರಡಾಗಿ ಕೊಯ್ಯಿಸಿದೆ. ಬೆಲೆ ಮಾತಾಡುವ ಮೊದಲೇ ಕೊಯ್ಯಿಸಿದ್ದಕ್ಕೆ ಮಾಲೀಕರು ಗಾಬರಿಯಾದರು. ನಮ್ಮ ಮನೆಯವರು ಅಂದು ನನ್ನೊಡನೆ ಜಗಳವಾಡಿದರು ಎಂಬುದನ್ನೂ ಹೇಳಬೇಕು. ಕುಷ್ಟಗಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, “ಹಟಕ್ಕ ಮಾಡಿದಿ. ಲೆಕ್ಕಾ ಹಾಕಿ ಮಾಡಲಿಲ್ಲ,” ಎಂದರು. ಹಟವೂ ಇತ್ತು, ಲೆಕ್ಕವೂ ಇತ್ತು. ಅವರ ಸೊಂಟದ ಕಡೆ ನೋಡಿದೆ. ಲೆಕ್ಕ ಅದೇ ಎಂದು ಬಾಯಲ್ಲಿ ಹೇಳುವುದು ಬೇಡವಾಗಿತ್ತು.

ಲಾರಿ ಕೊಪ್ಪಳಕ್ಕೆ ಬಂದ ದಿನವೇ ಅದಕ್ಕೆ ಹೆಸರು ಬಿತ್ತು: ತುಂಡು ಕ್ರೇನ್. ನನಗೂ ಬಿತ್ತು: ತುಂಡು ಕ್ರೇನವ್ವ. ಭಾವ ಬಂದು ಸುತ್ತ ತಿರುಗಿ ನೋಡಿ, “ಮೂಗು ಕೊಯ್ದಂಗ ಐತಿ,” ಎಂದು ಹೋದರು. ಫಿಟ್ಟರ್ ಹೊಸ ರೋಪು ಹಾಕಿದರು, ಜಾಕಿನ ಸೀಲು ಬದಲಿಸಿದರು, ಎಣ್ಣೆ ಪೂರ್ತಿ ಬಸಿದು ಹೊಸದು ತುಂಬಿದರು. ವಾಹನ ತಪಾಸಣೆ ಮಾಡಿಸಿ ಕಾಗದಗಳನ್ನು ನನ್ನ ಹೆಸರಿಗೆ ಮಾಡಿಸಿದೆ. ಲಾರಿ ಓಡಿಸಲು, ಕ್ರೇನ್ ನಡೆಸಲು ಒಬ್ಬ ಆಪರೇಟರನನ್ನು ಇಟ್ಟುಕೊಂಡೆ. ಕ್ವಾರಿಯಲ್ಲಿ ಕೆಲಸ ಮಾಡಿದ ಚುರುಕು ಮನುಷ್ಯ, ಆದರೆ ನಾನು ಹೇಳಿದ್ದನ್ನು ನಮ್ಮ ಮನೆಯವರ ಮುಖ ನೋಡಿ ಖಾತ್ರಿ ಮಾಡಿಕೊಳ್ಳದೆ ಮಾಡುತ್ತಿರಲಿಲ್ಲ.

ಅವನಿಲ್ಲದ ದಿನಗಳಲ್ಲಿ ನಾನು ಲಿವರು ಹಿಡಿದು ಅಭ್ಯಾಸ ಮಾಡಿದೆ. ನೀರು ತುಂಬಿದ ಡ್ರಮ್ಮನ್ನು ಎತ್ತಿ, ತಿರುಗಿಸಿ, ತುಳುಕದಂತೆ ನಾಲ್ಕು ಇಟ್ಟಿಗೆಯ ಮೇಲೆ ಇಳಿಸುವುದು. ನಮ್ಮ ಮನೆಯವರು ಎದುರಿಗೆ ನಿಂತು ಕೈಸನ್ನೆ ಮಾಡುತ್ತಿದ್ದರು. ಮೊದಮೊದಲು ಅಂಗಳವೆಲ್ಲ ಕೆಸರಾಗುತ್ತಿತ್ತು. ನೀರು ಕಡಿಮೆ ಚೆಲ್ಲತೊಡಗಿದಂತೆ ಅವರ ಬೈಗುಳವೂ ಕಡಿಮೆಯಾಯಿತು. ಹಸಿ ಬೇವು, ಹಸಿ ಹುಣಸೆಯ ದಿಮ್ಮಿಗಳನ್ನು ಲಾರಿ ತೂಗುವ ಕಾಟಾಕ್ಕೆ ಒಯ್ದು ತೂಗಿಸಿ, ಎಷ್ಟು ದಪ್ಪದ, ಎಷ್ಟು ಉದ್ದದ ತುಂಡು ಎಷ್ಟು ಭಾರ ಎಂದು ಮನಸ್ಸಿನಲ್ಲಿ ಕೂರಿಸಿಕೊಂಡೆ.

ಮಳೆಗಾಲದ ಮೊದಲ ಗಾಳಿಗೆ ಯಲಬುರ್ಗಾದಿಂದ ಕರೆ ಬಂತು. ಒಂದು ಖಾಸಗಿ ಶಾಲೆಯ ಅಂಗಳದ ಹಳೆಯ ಬೇವು ಕವಲಿನಲ್ಲಿ ಸೀಳಿ, ಅರ್ಧ ಮರ ತರಗತಿಗಳ ಪತ್ರಾಸಿನ, ಅಂದರೆ ತಗಡಿನ ಮಾಡಿನ, ಮೇಲೆ ವಾಲಿ ನಿಂತಿತ್ತು. ಬೀಳಲೂ ಇಲ್ಲ, ನಿಲ್ಲಲೂ ಇಲ್ಲ. ಶಾಲೆಗೆ ರಜೆ ಕೊಟ್ಟಿದ್ದರು. ಬಂದ ಮರಗಡುಕರು ನೋಡಿ ವಾಪಸು ಹೋಗಿದ್ದರು.

ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷರು ಗೇಟಿನಲ್ಲೇ ಸಿಕ್ಕರು. ಗೇಟಿನಿಂದ ಒಳಗೆ ಸ್ವಲ್ಪ ದೂರ ಗರಸು, ಅಂದರೆ ಕಲ್ಲುಮಣ್ಣು, ಹಾಕಿದ ಗಟ್ಟಿ ದಾರಿ, ಆಮೇಲೆ ಎಲ್ಲ ಎರೆಮಣ್ಣು, ಮಳೆ ಕುಡಿದು ಉಬ್ಬಿದ್ದು. ಗಟ್ಟಿ ದಾರಿಯಲ್ಲಿ ಲಾರಿ ನಿಲ್ಲಿಸಿ ಬೂಮು ಚಾಚಿಸಿ ನೋಡಿದೆ. ಟೊಂಗೆಗೆ ಮುಟ್ಟಲಿಲ್ಲ. ಕೊಯ್ದು ಹಾಕಿದ ತುಂಡು ಇದ್ದಿದ್ದರೆ ಮುಟ್ಟುತ್ತಿತ್ತು.

“ಹೇಳಿದ್ರು ನನಗ, ತುಂಡು ಕ್ರೇನ್ ಬರತೈತಿ ಅಂತ,” ಎಂದರು ಅಧ್ಯಕ್ಷರು.

“ತುಂಡ ಐತ್ರಿ. ಹತ್ರ ಹೋಗತೈತಿ,” ಎಂದೆ.

ಎರೆಮಣ್ಣಿನ ಮೇಲೆ ಹಲಗೆ ಹಾಸಿ ಲಾರಿಯನ್ನು ಮರದ ಹತ್ತಿರಕ್ಕೆ ತಂದೆವು. ಜಾಕುಗಳ ಕೆಳಗೆ ದಪ್ಪ ಹಲಗೆ ಕೊಟ್ಟೆವು. ನಮ್ಮ ತಂಡದಲ್ಲಿ ಮರ ಏರುವವನು ಸೀಳದೆ ಉಳಿದ ಗಟ್ಟಿ ಕವಲನ್ನು ಹತ್ತಿ, ಅದಕ್ಕೇ ಮೈ ಕಟ್ಟಿಕೊಂಡು, ತೂಕ ಕಟ್ಟಿದ ದಾರವನ್ನು ವಾಲಿದ ಟೊಂಗೆಯ ಮೇಲಿಂದ ಎಸೆದ. ದಾರಕ್ಕೆ ಭಾರ ಎತ್ತುವ ಬೆಲ್ಟು ಕಟ್ಟಿ ಕೆಳಗಿನಿಂದಲೇ ಎಳೆದು ಬಿಗಿದು, ಕ್ರೇನಿನ ಹುಕ್ಕಿಗೆ ಸಿಕ್ಕಿಸಿದೆವು. ಸೀಳಿದ ಟೊಂಗೆಯ ಮೇಲೆ ಯಾರೂ ಕಾಲಿಡಲಿಲ್ಲ. ಕವಲಿನ ಸೀಳು ಇನ್ನೂ ಇಳಿಯದಂತೆ ಅಲ್ಲಿಗೊಂದು ಸರಪಳಿ ಸುತ್ತಿದೆವು.

ಆಪರೇಟರ್ ನಿಧಾನವಾಗಿ ರೋಪು ಬಿಗಿ ಮಾಡಿದ. ಟೊಂಗೆ ಒಂದಿಷ್ಟು ಎದ್ದು ಪತ್ರಾಸು ಕಿರುಗುಟ್ಟಿತು. ಅಷ್ಟರಲ್ಲಿ ಶಾಲೆಯ ಕಡೆಯ ಹಿಂದಿನ ಜಾಕು ಮಣ್ಣಿನಲ್ಲಿ ಇಳಿಯಲಾರಂಭಿಸಿತು. ಹಲಗೆ ನಡುವೆ ಲಟ್ಟೆಂದು ಮುರಿಯಿತು. ಲಾರಿ ಆ ಕಡೆಗೆ ವಾಲಿತು.

“ಇಳಸು!” ಎಂದೆ.

“ಆಗತೈತ್ರಿ, ಇನ್ನೊಂಚೂರು ಎಳದ್ರ ಬರತೈತಿ,” ಎಂದ ಆಪರೇಟರ್. ಅಧ್ಯಕ್ಷರೂ ದನಿಗೂಡಿಸಿದರು, “ಎಳೀರಿ, ಎಳೀರಿ!”

ನಾನು ಹೋಗಿ ಅವನ ಕೈ ಮೇಲೆ ಕೈ ಇಟ್ಟೆ. “ಇಳಸು ಅಂದೆ.”

ಇಳಿಸಿದ. ಟೊಂಗೆ ಮತ್ತೆ ಇದ್ದಲ್ಲೇ ಕೂತಿತು, ಲಾರಿ ನೆಟ್ಟಗಾಯಿತು. ಎಲ್ಲರೆದುರು ಹೆಣ್ಣುಮಗಳು ಕೈ ಹಿಡಿದು ನಿಲ್ಲಿಸಿದ್ದು ಅವನಿಗೆ ತಡೆಯಲಾಗಲಿಲ್ಲ. “ನೀವ ಮಾಡ್ಕೋರಿ ಹಂಗಾದ್ರ,” ಎಂದು ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

“ಕ್ರೇನೂ ತುಂಡು, ಆಪರೇಟರೂ ಇಲ್ಲ. ಇನ್ನೇನ್ ಮಾಡ್ತೀಬೇ?” ಎಂದರು ಅಧ್ಯಕ್ಷರು.

ಸಲಿಕೆ ತೆಗೆದುಕೊಂಡೆ. ಜಾಕು ಕೂರುವ ನಾಲ್ಕೂ ಜಾಗದಲ್ಲಿ ಹಸಿ ಮಣ್ಣನ್ನು ಕೆಳಗಿನ ಗಟ್ಟಿ ಪದರದವರೆಗೆ ತೋಡಿದೆವು. ಟ್ರ್ಯಾಕ್ಟರಿನಲ್ಲಿ ಗರಸು ತರಿಸಿ ತುಂಬಿ, ನೀರು ಚಿಮುಕಿಸಿ ಕುಟ್ಟಿದೆವು. ಅದರ ಮೇಲೆ ಹುಣಸೆಯ ದಪ್ಪ ತೊಲೆಗಳನ್ನು ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಜೋಡಿಸಿದೆವು, ಅದರ ಮೇಲೆ ಉಕ್ಕಿನ ತಟ್ಟೆ. ಹತ್ತಿರದಲ್ಲೇ ಬಿದ್ದಿದ್ದ ಕಲ್ಲಿನ ಚಪ್ಪಡಿ ಹಾಕೋಣ ಎಂದು ತಂಡದವನೊಬ್ಬ ಹೇಳಿದ. ಬೇಡ ಎಂದೆ. ಕಲ್ಲು ಭಾರ ಹೊರುತ್ತದೆ, ಆದರೆ ಅಡಿಯ ನೆಲ ಕುಸಿದರೆ ಹೇಳದೆ ಕೇಳದೆ ಒಡೆಯುತ್ತದೆ. ಮರ ಒಡೆಯುವ ಮೊದಲು ಕೂಗುತ್ತದೆ. ಕತ್ತಲಾಗುವವರೆಗೆ ಕುಟ್ಟಿ, ಶಾಲೆಯ ಜಗುಲಿಯಲ್ಲೇ ಮಲಗಿದೆವು.

ಬೆಳಗಾಗುತ್ತಲೇ ಎಂಜಿನ್ ಚಾಲೂ ಮಾಡಿ ಲಿವರುಗಳ ಮುಂದೆ ನಿಂತೆ. ನಮ್ಮ ಮನೆಯವರು ಕೋಲೂರಿಕೊಂಡು ಟೊಂಗೆಯೂ ನಾನೂ ಒಟ್ಟಿಗೆ ಕಾಣುವ ಜಾಗಕ್ಕೆ ಹೋಗಿ ನಿಂತರು.

“ನನ್ನ ಕೈ ನೋಡು. ಮಂದಿ ಬಾಯಿ ನೋಡಬ್ಯಾಡ,” ಎಂದರು.

ಕಾಂಪೌಂಡಿನ ಮೇಲೆ ಊರವರು ಕೂತಿದ್ದರು. ನಾನು ನೋಡಿದ್ದು ಆ ಒಂದು ಕೈಯನ್ನು ಮಾತ್ರ. ಖಾಲಿ ಹುಕ್ಕಿನಲ್ಲೇ ಒಂದು ಸುತ್ತು ತಿರುಗಿಸಿ ಜಾಕುಗಳನ್ನು ಕೂರಿಸಿದೆ. ತೊಲೆಗಳು ಒಮ್ಮೆ ಕಿರ್ ಎಂದು ಸುಮ್ಮನಾದವು. ಇಡೀ ಟೊಂಗೆಯನ್ನು ಒಮ್ಮೆಗೇ ಎತ್ತುವುದು ನನ್ನ ಕ್ರೇನಿಗೆ ಆಗದ ಮಾತು, ಫಲಕವೇ ಅದನ್ನು ಹೇಳುತ್ತಿತ್ತು. ಆದ್ದರಿಂದ ತುದಿಯಿಂದ ಒಂದೊಂದೇ ತುಂಡು. ಬೆಲ್ಟು ಹಾಕುವುದು, ಹಗುರಾಗಿ ಬಿಗಿಯುವುದು, ಗಟ್ಟಿ ಕವಲಿನ ಮೇಲಿದ್ದ ನಮ್ಮವನು ಉದ್ದ ಹಿಡಿಕೆಯ ಗರಗಸದಿಂದ ಕೊಯ್ಯುವುದು, ತುಂಡು ಬಿಡಿಸಿಕೊಂಡಾಗ ಹಿಡಿದು, ಪತ್ರಾಸಿಗೆ ತಾಗದಂತೆ ತಿರುಗಿಸಿ ಅಂಗಳಕ್ಕೆ ಇಳಿಸುವುದು. ಮೊದಲ ತುಂಡು ಬಿಡಿಸಿಕೊಂಡಾಗ ಬೂಮು ಜಗ್ಗಿತು. ಕೈ ಮಾತ್ರ ಲಿವರನ್ನು ಬಿಡಲಿಲ್ಲ. ಆಮೇಲಿನವು ಸಲೀಸಾದವು. ಕೊನೆಗೆ ಉಳಿದ ಬುಡದ ದಿಮ್ಮಿಯನ್ನು ಹಿಡಿದೆತ್ತಿಕೊಂಡು, ಕವಲಿನ ಹತ್ತಿರ ಅಟ್ಟಣೆ ಕಟ್ಟಿಸಿ ಅದರ ಮೇಲಿಂದ ಕೊಯ್ಯಿಸಿದೆ. ಪತ್ರಾಸಿನ ಎರಡು ಹಾಳೆ ಬಗ್ಗಿದ್ದವು. ಅವು ಗಾಳಿಗೆ ಬಗ್ಗಿದವು, ನಮ್ಮಿಂದಲ್ಲ.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಏರುವವನು ಮರದ ಗಾಯದ ಅಂಚು ಸವರಿ ನುಣುಪು ಮಾಡುತ್ತಿದ್ದ. ನಾನು ಸುತ್ತಿಗೆಯಿಂದ ಕಾಂಡವನ್ನು ತಟ್ಟಿ ನೋಡಿದೆ. ಸುತ್ತಲೂ ಗಟ್ಟಿ. ಅಧ್ಯಕ್ಷರು ಬಂದರು. ಈಗ ಮುಖದಲ್ಲಿ ನಗುವಿತ್ತು.

“ಛಲೋ ಮಾಡಿದಿರಿ. ಹೆಂಗೂ ಕ್ರೇನ್ ಬಂದೈತಿ, ಉಳದದ್ದನ್ನೂ ಬುಡಕ್ಕ ಕೊಯ್ದು ಎತ್ತಿಬಿಡ್ರಿ. ಇಲ್ಲಿ ಎರಡು ರೂಮು ಕಟ್ಟಸೋದದ.”

“ಇದಕ್ಕೇನಾಗಿಲ್ರಿ. ಇನ್ನೂ ನಮ್ಮ ನಿಮ್ಮ ಮೊಮ್ಮಕ್ಕಳ ಕಾಲದ ತನಕ ನಿಂದರತೈತಿ.”

“ನಿಮ್ಮನ್ನ ಕೇಳಿಲ್ಲ. ನಿಮಗಾಗದಿದ್ರ ಬಿಡ್ರಿ. ಮಂದಿ ಅದಾರ,” ಎಂದು ಕಾಂಪೌಂಡಿನ ಕಡೆ ಕೈ ಮಾಡಿ ಇಬ್ಬರನ್ನು ಕರೆದರು. ಹಿಂದಿನ ವಾರ ಹೆದರಿ ವಾಪಸು ಹೋಗಿದ್ದ ಮರಗಡುಕರೇ ಅವರು. ಈಗ ಅಪಾಯ ಕಳೆದಿತ್ತು, ಕೊಡಲಿ ತಂದಿದ್ದರು. “ಲಾರಿ ತಗೀರಿ. ಅವರಿಗೆ ಜಾಗ ಬೇಕು.”

ಮಡಚಲು ಹೊರಟಿದ್ದ ಬೂಮನ್ನು ನಾನು ಮಡಚಲಿಲ್ಲ. ಅದನ್ನು ಕಾಂಡದ ಮಗ್ಗುಲಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮರ ಉರುಳಿಸಿದರೆ ಬೂಮಿನ ಮೇಲೆಯೇ ಉರುಳಿಸಬೇಕು, ಹಾಗಿತ್ತು.

“ಟೊಂಗಿ ಇಳಸಾಕ ಪರವಾನಗಿ ಐತಿ, ನಾ ನೋಡೀನಿ. ಗಿಡಾ ಕಡಿಯಾಕ ಐತೇನ್ರಿ?”

“ಅದೆಲ್ಲ ಮಾಡಸ್ತೀವಿ.”

“ಮಾಡಸ್ಕೊಂಡು ಬರ್ರಿ. ಅಲ್ಲೀತನಕ ಲಾರಿ ತಗಿಯಾಕ ಆಗೂದಿಲ್ರಿ. ಡ್ರೈವರ್ ನಿನ್ನೆ ಬಿಟ್ಟು ಹೋಗ್ಯಾನ, ನೀವ ನೋಡೀರಲ್ಲ.”

ಕಾಂಪೌಂಡಿನ ಮೇಲೆ ಕೂತವರಲ್ಲಿ ಯಾರೋ ಗೊಳ್ಳೆಂದು ನಕ್ಕರು. ಅಧ್ಯಕ್ಷರು ಪೊಲೀಸರನ್ನು ಕರೆಯುತ್ತೇನೆ ಎಂದರು. ಕರೀರಿ, ನಾನೂ ಅರಣ್ಯದವರನ್ನು ಕರೀತೀನಿ, ಇಬ್ಬರೂ ಒಮ್ಮೆಗೇ ಬರಲಿ ಎಂದೆ. ಯಲಬುರ್ಗಾದಲ್ಲಿ ಇನ್ನು ಮೇಲೆ ನಿನಗೆ ಒಂದು ಕೆಲಸವೂ ಸಿಗದಂತೆ ಮಾಡುತ್ತೇನೆ ಎಂದರು. ಸಿಗದಿದ್ದರೆ ಬೇಡ ಎಂದೆ. ನಮ್ಮ ಮನೆಯವರು ಮೆಲ್ಲಗೆ ಬಂದು ಬೇವಿನ ಬುಡದಲ್ಲಿ ಕಾಲು ಚಾಚಿ ಕೂತು, ತಂಬಾಕಿನ ಚೀಲ ಬಿಚ್ಚಿದರು. ತಂಡದವರೂ ಒಬ್ಬೊಬ್ಬರಾಗಿ ಕೂತರು. ನನಗೂ ಹಸಿವಾಗಿತ್ತು. ಒಳಗೊಳಗೆ ಹೆದರಿಕೆಯೂ ಇತ್ತು. ಬುತ್ತಿ ಬಿಚ್ಚಿದೆವು.

ಹೆಡ್ ಮಾಸ್ತರರು ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದರು. ನೀರಿನ ಕೊಡ ಹಿಡಿದು ಬಂದು ನಮ್ಮ ಮುಂದೆ ಇಟ್ಟರು. ಆಮೇಲೆ ಅಧ್ಯಕ್ಷರಿಗೆ, ನಮಗೂ ಕೇಳುವಂತೆ ಹೇಳಿದರು: “ಸಾಹೇಬ್ರ, ಬ್ಯಾಸಿಗ್ಯಾಗ ಈ ಪತ್ರಾಸಿನ ಕೆಳಗ ಪಾಠ ಆಗೂದಿಲ್ರಿ. ಎರಡು ಕ್ಲಾಸ್ ಈ ಬೇವಿನ ಕೆಳಗ ನಡೀತಾವ. ರೂಮು ಆ ಕಡೆ ಕಟ್ಟಸಬಹುದು.” ಅಧ್ಯಕ್ಷರು ಅವರ ಮುಖ ನೋಡಿದರು, ಬೂಮು ನೋಡಿದರು, ಕಾಂಪೌಂಡಿನ ಮೇಲಿನ ಮಂದಿಯನ್ನು ನೋಡಿದರು. ಮರಗಡುಕರಿಗೆ ಹೋಗಿ ಎಂದು ಕೈ ಬೀಸಿ, ತಾವೂ ಮೋಟರ್ ಸೈಕಲ್ ಹತ್ತಿ ಹೋದರು. ಬೇವು ಉಳಿಯುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೆಡ್ ಮಾಸ್ತರರು ಹೇಳಿದರು. ಅವರು ಹೇಳಿದ ಮೇಲೆಯೇ ನಾನು ಬೂಮು ಮಡಚಿದೆ, ಜಾಕು ಎತ್ತಿದೆ.

ಸಂಜೆ ಆಪರೇಟರ್ ಬಂದ. ಕ್ಯಾಬಿನ್ನಿನಲ್ಲಿ ಬಿಟ್ಟುಹೋದ ಬಟ್ಟೆಯ ಚೀಲಕ್ಕೆ ಬಂದಿದ್ದ. ಅಂಗಳದಲ್ಲಿ ಸಾಲಾಗಿ ಬಿದ್ದಿದ್ದ ತುಂಡುಗಳನ್ನು, ಜಾಕು ಕೂತಿದ್ದ ತೊಲೆಗಳನ್ನು ಬಗ್ಗಿ ನೋಡಿದ. ಚೀಲ ತೆಗೆದುಕೊಳ್ಳದೆ, ತೊಲೆಗಳನ್ನು ಲಾರಿಗೆ ಏರಿಸಲು ನಮ್ಮವರೊಂದಿಗೆ ಕೈ ಹಚ್ಚಿದ. ಎಲ್ಲ ಕಟ್ಟಿಯಾದ ಮೇಲೆ ಡ್ರೈವರ್ ಸೀಟು ಹತ್ತಿ ಕೂತು ಕೀಲಿಗೆ ಕೈ ಚಾಚಿದ. ಈ ಸಲ ನಮ್ಮ ಮನೆಯವರ ಮುಖ ನೋಡಲಿಲ್ಲ, ನನ್ನನ್ನೇ ಕೇಳಿದ.

“ನಾಳಿಂದ ಬರಲೇನ್ರಿ ಅಕ್ಕಾರ?”

“ಗಾಡಿ ಹೊಡಿಯಾಕ ಬಾ,” ಎಂದು ಕೀಲಿ ಕೊಟ್ಟೆ. “ಲಿವರ್ ನನ್ನ ಕೈಯಾಗ ಇರ್ತಾವ.”